ದಳವಾಯಿಯ ಪಕ್ಕದಲ್ಲಿ ಯಾರು

ಕೊಳ್ಳೇಗಾಲದ ಸುತ್ತಮುತ್ತ ಯಾವ ವೇದಿಕೆಯ ಮೇಲೆ ಯಾರು ಎಲ್ಲಿ ಕೂರಬೇಕೆಂಬುದು ಪುಟ್ಟಬಸಪ್ಪನವರಿಗೆ ಗೊತ್ತಿರುವಷ್ಟು ಕೂರುವವರಿಗೇ ಗೊತ್ತಿಲ್ಲ. ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ಕೊಡುವುದು ಅವರ ಕಸುಬು. ದೊಡ್ಡವರ ಪಕ್ಕ ದೊಡ್ಡವರು, ಅವರ ಪಕ್ಕ ಸ್ವಲ್ಪ ದೊಡ್ಡವರು, ಕೊನೆಗೆ ಚಂದಾ ಕೊಟ್ಟವರು. ಈ ಕ್ರಮ ತಪ್ಪಿದರೆ ಜಗತ್ತು ನಡೆಯುವುದಿಲ್ಲವೆಂದು ಅವರು ಮನಸಾರೆ ನಂಬಿದ್ದಾರೆ.

ಭಾನುವಾರ ಮಾತ್ರ ಅವರ ಗೋಡೌನಿನಲ್ಲಿ ಯುದ್ಧ. ಮದುವೆ ಊಟದ ಮೇಜುಗಳನ್ನು ಕೂಡಿಸಿ, ಹಸಿರು ಬಟ್ಟೆ ಹಾಸಿ, ಬಣ್ಣ ಬಳಿದ ಹೆಬ್ಬೆರಳುದ್ದದ ಸೈನಿಕರನ್ನು ನಿಲ್ಲಿಸುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳುವ ದೀಪ ಈ ಆಟವನ್ನು ಮೈಸೂರಿನಲ್ಲಿ ಕಲಿತು ಬಂದವರು. ದಾಳ ಉರುಳಿಸಬೇಕು, ಅಳೆದು ನಡೆಸಬೇಕು. ಕುದುರೆಯ ಮೇಲಿನ ದಳವಾಯಿ ಒಂದು ಸಲಕ್ಕೆ ಒಂದು ಗೇಣು ಹೋಗುತ್ತಾನೆ, ಕಾಲಾಳು ನಾಲ್ಕು ಬೆರಳು. ಪಕ್ಕದಲ್ಲಿ ಬೆಂಗಾವಲಿದ್ದರೆ ಏಟು ಮೊದಲು ಬೆಂಗಾವಲಿಗೆ ಬೀಳುತ್ತದೆ. ದಳವಾಯಿ ಸತ್ತರೆ ಆಟ ಅಲ್ಲಿಗೇ ಮುಗಿಯಿತು. ಇಲ್ಲವಾದರೆ ಗೊತ್ತುಮಾಡಿದಷ್ಟು ಸರದಿ ಮುಗಿದಾಗ ಹೆಚ್ಚು ಸೈನಿಕರು ಉಳಿದವರದು ಗೆಲುವು.

ಪುಟ್ಟಬಸಪ್ಪನವರ ದಳವಾಯಿ ಪ್ರತಿ ಭಾನುವಾರವೂ ಸಾಯುತ್ತಿದ್ದ.

ಕಾರಣ ಎಲ್ಲರಿಗೂ ಕಾಣುತ್ತಿತ್ತು. ಅಷ್ಟು ದೊಡ್ಡ ಮನುಷ್ಯನ ಪಕ್ಕ ಸಣ್ಣವರು ಇರಬಾರದೆಂದು ಅವರು ಕಬ್ಬಿಣದ ಅಂಗಿಯ ಕಾವಲುಗಾರರನ್ನು ನಿಲ್ಲಿಸುತ್ತಿದ್ದರು. ದಳವಾಯಿ ಗೇಣುಗಟ್ಟಲೆ ಓಡಿ ಶತ್ರುಗಳ ನಡುವೆ ಒಬ್ಬಂಟಿಯಾಗಿ ನಿಲ್ಲುತ್ತಿದ್ದ. ಕಾವಲುಗಾರರು ಹಿಂದೆ ಇನ್ನೂ ಶಿಸ್ತಾಗಿ ಹೆಜ್ಜೆ ಹಾಕುತ್ತಿದ್ದರು. ಒಮ್ಮೆ ಆನೆಯನ್ನೇ ಜೊತೆಗೆ ಕೊಟ್ಟರು. ಅಂದು ದಳವಾಯಿ ಆನೆಗಾಗಿ ಕಾಯುತ್ತ ನಿಂತಲ್ಲೇ ಬಾಣ ತಿಂದ.

"ಸಾ, ಇದು ಯುದ್ಧ ಕಣ್ರಿ, ಸನ್ಮಾನ ಅಲ್ಲ" ಎಂದು ಹನೂರಿನ ಬಸ್ ಡ್ರೈವರ್ ಮುರುಗೇಶ ಛೇಡಿಸುತ್ತಿದ್ದ.

"ನಿಂಗೇನ್ಲಾ ಗೊತ್ತು ಮರ್ಯಾದೆ? ದಳವಾಯಿ ಪಕ್ಕದಲ್ಲಿ ಕಂಡೋರನ್ನೆಲ್ಲ ನಿಲ್ಲುಸಕ್ಕಾದದಾ?"

ಇಷ್ಟರಲ್ಲಿ ಮೈಸೂರಿನ ಸ್ಪರ್ಧೆಗೆ ಕರೆ ಬಂತು. ತಂಡದಲ್ಲಿ ನಾಲ್ವರಿಗೆ ಜಾಗ. ದೀಪ, ಮುರುಗೇಶ, ಅಗರದಲ್ಲಿ ರವಿಕೆ ಹೊಲಿಯುವ ಮಹದೇವಿ, ಈ ಮೂವರು ಹೊರಡುವುದು ಖಚಿತವಾಗಿತ್ತು. ನಾಲ್ಕನೆಯ ಜಾಗಕ್ಕೆ ಮುಳ್ಳೂರಿನ ಶಂಕರನ ಹೆಸರು ಕೇಳಿಬರತೊಡಗಿದಾಗ ಪುಟ್ಟಬಸಪ್ಪನವರ ಮುಖ ಚಿಕ್ಕದಾಯಿತು. ಮೇಜು ಅವರದು, ಗೋಡೌನು ಅವರದು, ಟೀ ಕೂಡ ಅವರದೇ.

ದೀಪ ಮೆತ್ತಗೆ ಹೇಳಿದರು: "ಪುಟ್ಟಬಸಪ್ಪನೋರೆ, ಬರೋ ಭಾನುವಾರ ಮಹದೇವಿ ಮೇಲೆ ಆಡಿ. ಸೋತರೂ ಪರವಾಗಿಲ್ಲ. ಕೊನೆವರೆಗೂ ದಳವಾಯೀನ ಉಳಿಸ್ಕೊಂಡ್ರೆ ನೀವೇ ಬನ್ನಿ."

ಆ ವಾರ ಶಾಗ್ಯದಲ್ಲಿ ಒಂದು ಭವನದ ಉದ್ಘಾಟನೆಗೆ ಪುಟ್ಟಬಸಪ್ಪನವರದೇ ಶಾಮಿಯಾನ. ಬಂದ ಮುಖಂಡರು ನಡೆಯುವವರಲ್ಲ, ಓಡುವವರು. ಜೀಪಿನಿಂದ ಇಳಿದವರೇ ಜನರ ನಡುವೆ ನುಗ್ಗಿಬಿಟ್ಟರು. ಹಾರ, ಶಾಲು, ಹಣ್ಣಿನ ತಟ್ಟೆ ಹಿಡಿದ ತಾಲ್ಲೂಕಿನ ಗಣ್ಯರೆಲ್ಲ ಪಂಚೆ ಎತ್ತಿಕೊಂಡು ಏದುಸಿರು ಬಿಡುತ್ತ ಹಿಂದುಳಿದರು. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಹೆಂಗಸರು ಮುತ್ತಿಕೊಂಡಾಗ ಮುಖಂಡರ ಪಕ್ಕದಲ್ಲಿ ಉಳಿದಿದ್ದವರು ಇಬ್ಬರೇ, ಹವಾಯಿ ಚಪ್ಪಲಿಯ ಸಣಕಲು ಕಾರ್ಯಕರ್ತರು. ಬೈಗುಳವನ್ನೆಲ್ಲ ತಾವು ತಿಂದು, ತೋಳು ಅಡ್ಡ ಕೊಟ್ಟು, ಮುಖಂಡರನ್ನು ವೇದಿಕೆಗೆ ಮುಟ್ಟಿಸಿದರು. ಅವರಿಗೆ ವೇದಿಕೆಯಲ್ಲಿ ಕುರ್ಚಿ ಇರಲಿಲ್ಲ. ಕುರ್ಚಿ ಹಾಕಿಸಿದ್ದ ಪುಟ್ಟಬಸಪ್ಪನವರು ಏಣಿಯ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದರು.

ಭಾನುವಾರ ಪುಟ್ಟಬಸಪ್ಪನವರು ಡಬ್ಬಿಯ ತಳದಿಂದ ಮೂವರು ಹಗುರ ಸವಾರರನ್ನು ತೆಗೆದರು. ಕವಚವಿಲ್ಲ, ಕೈಯಲ್ಲೊಂದು ಸಣ್ಣ ಈಟಿ, ಆದರೆ ದಳವಾಯಿಯಷ್ಟೇ ಓಟ. ಹಾಗೆಯೇ ನಿಲ್ಲಿಸಲು ಮನಸ್ಸು ಒಪ್ಪದೆ ಮೂವರ ಪೇಟಕ್ಕೂ ಜರಿ ಬಣ್ಣ ಹಚ್ಚಿದ್ದರು.

"ಆನೆಗೆ ಇವತ್ತು ರಜಾನಾ ಸಾ?" ಎಂದ ಮುರುಗೇಶ.

"ಬಾಯ್ಮುಚ್ಕಂಡು ನೋಡ್ಲಾ."

ಎಡಗಡೆ ಅವರ ಕಾಲಾಳುಗಳು ಚದುರಿದರು. ಅವರನ್ನು ಕೂಡಿಸಲು ದಳವಾಯಿ ಅತ್ತ ಓಡಿದ, ಸವಾರರೂ ಜೊತೆಗೇ ಓಡಿದರು. ಮಹದೇವಿಯ ಬಿಲ್ಲುಗಾರರು ಬಾಣ ಬಿಟ್ಟಾಗ ಒಬ್ಬ ಸವಾರ ಬಿದ್ದ. ದಳವಾಯಿ ಬಲಗಡೆಗೆ ಹೋದ, ಇನ್ನೊಬ್ಬ ಬಿದ್ದ. ಪುಟ್ಟಬಸಪ್ಪನವರು ಬಿದ್ದವರನ್ನು ಮೆಲ್ಲಗೆ ಎತ್ತಿ ಮೇಜಿನ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿದರು.

ಕೊನೆಯ ಸರದಿ. ಒಬ್ಬ ಸವಾರ ಉಳಿದಿದ್ದ. ಎದುರಿಗೆ ಒಂದು ಗೇಣು ದೂರದಲ್ಲಿ ಮಹದೇವಿಯ ಬಾವುಟ. ಹಿಡಿದರೆ ಗೆಲುವು, ಆದರೆ ಅದರ ಸುತ್ತ ಭಲ್ಲೆಗಾರರು ತುಂಬಿದ್ದರು.

"ನುಗ್ಗಿ ಅಣ್ಣ, ಯೋಚ್ನೆ ಯಾಕೆ?" ಎಂದು ಮಹದೇವಿ ನಕ್ಕಳು.

ಪುಟ್ಟಬಸಪ್ಪನವರ ಕೈ ಬಾವುಟದ ಕಡೆಗೇ ಹೋಯಿತು. ಬಾವುಟ ಹಿಡಿದ ದಳವಾಯಿಯ ಫೋಟೋ ಕೂಡ ಕಣ್ಣಮುಂದೆ ಬಂದಿರಬೇಕು. ಆಮೇಲೆ ಕೈ ತಿರುಗಿತು. ದಳವಾಯಿಯನ್ನೂ ಸವಾರನನ್ನೂ ಒಟ್ಟಿಗೆ ಹಿಂದಕ್ಕೆ ಸರಿಸಿದರು.

"ಓಡೋಯ್ತಾವ್ನೆ ದಳವಾಯಿ" ಎಂದ ಮುರುಗೇಶ.

"ಓಡ್ತಿಲ್ಲ ಕಣ್ಲಾ. ಕಾರ್ಯಕ್ರಮ ಮುಗುದದೆ, ಮನೆಗೆ ಓಯ್ತಾವ್ನೆ."

ಮಹದೇವಿ ಕೊನೆಯ ಬಾಣಕ್ಕೆ ದಾಳ ಉರುಳಿಸಿದಳು. ಬಾಣ ತಾಗಿತು, ಸವಾರ ಬಿದ್ದ. ದಳವಾಯಿ ಒಬ್ಬನೇ ನಿಂತಿದ್ದ, ಆದರೆ ಹೊಡೆಯಲು ಯಾರಿಗೂ ಸರದಿ ಉಳಿದಿರಲಿಲ್ಲ.

"ಆಟ ಮಹದೇವಿದು" ಎಂದರು ದೀಪ. "ಮೈಸೂರಿಗೆ ಪುಟ್ಟಬಸಪ್ಪನೋರು."

ಪುಟ್ಟಬಸಪ್ಪನವರು ಗಂಭೀರವಾಗಿ ಕೆಮ್ಮಿ, ಗೋಡೌನಿನ ಹೊರಗೆ ಹೋಗಿ ಹೆಂಡತಿ ಚಾಮುಂಡಮ್ಮನಿಗೆ ಫೋನ್ ಮಾಡಿದರು.

"ಅಮ್ಮಿ, ಸಾಯ್ನಿಲ್ಲ ಕಣಮ್ಮಿ."

"ಯಾರು?"

"ದಳವಾಯಿ."

"ಅಂಗಾರೆ ಗೆದ್ರಾ?"

"ಸೋತೆ. ಮೈಸೂರಿಗೆ ನಾನೂ ಓಯ್ತಾ ಇವ್ನಿ."

ಸೋತವರನ್ನು ಮೈಸೂರಿಗೆ ಕಳಿಸುವ ಆಟ ಯಾವುದೆಂದು ಚಾಮುಂಡಮ್ಮ ಲೆಕ್ಕ ಹಾಕುತ್ತಿದ್ದಿರಬೇಕು.

"ಎಷ್ಟು ಜನ ಓಯ್ತೀರಿ? ಚಿತ್ರಾನ್ನ ಕಟ್ಕೊಡಬೇಕಲ್ಲ" ಎಂದಳು.