ಕೆಳಗೆ ಹುಸೇನಮ್ಮ, ಮೇಲೆ ಚಿಟ್ಟಿ

ಬೆಳಗಿನ ಆರು ಗಂಟೆ. ಕುಷಾಯಿಗೂಡದ ಕೂಲಿಗಳ ಅಡ್ಡಾದಲ್ಲಿ ಚಹಾದ ಹಬೆ ಏಳುವ ಹೊತ್ತಿಗೆ ಹುಸೇನಮ್ಮ ತಮ್ಮ ಗ್ಯಾಂಗಿನ ಹಾಜರಿ ಕರೆಯುತ್ತಾರೆ. ನಾಮಾವಳಿ ಒಪ್ಪಿಸಿದಂತೆ, ಒಂದಕ್ಷರ ನುಂಗದೆ: "ಗೊಲ್ಲಾಳಪ್ಪ! ಭೀಮಾಶಂಕರ! ಭಾಗ್ಯಶ್ರೀ!"

"ದಿನಾ ಲಗ್ನಪತ್ರಿಕಿ ಓದ್ತೀಯಲ್ಲಬೇ ಯವ್ವಾ," ಗೊಲ್ಲಾಳಪ್ಪ ಕಿಚಾಯಿಸುತ್ತಾನೆ.

"ಗುತ್ತೇದಾರ ಕೇಳಾಕತ್ತಾನ, ಸುಮ್ನ ಬಾರೊ!"

ಸುರಪುರ ಸೀಮೆಯಿಂದ ಈ ತೆಲುಗು ಊರಿಗೆ ಬಂದು ಇಪ್ಪತ್ತೆಂಟು ವರ್ಷ. ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಹನ್ನೊಂದು ಜನಕ್ಕೆ ಅವರೇ ಮೇಸ್ತ್ರಿ. ಈವರೆಗೆ ಹಾಕಿದ ಸ್ಲ್ಯಾಬು ನಾನೂರರ ಮೇಲೆ. ಬಂದ ವರ್ಷ ಯಾರೋ ಅವರನ್ನು ತೆಲುಗಿನಲ್ಲಿ 'ಚಿಟ್ಟಿ', ಅಂದರೆ ಪುಟ್ಟ ಹುಡುಗಿ, ಎಂದದ್ದು ಐವತ್ತು ದಾಟಿದರೂ ಬೆನ್ನು ಬಿಟ್ಟಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಕಟ್ಟಡದಲ್ಲಿ, ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗ್ ಹಲಗೆಯ ಆಸರೆಗಂಬಗಳು ಹಸಿಮಣ್ಣಿನ ಮೇಲೆ ನಿಂತದ್ದನ್ನು ಕಂಡು ಎಚ್ಚರಿಸಿದರು. "ಚಿಟ್ಟಿ, ನಿನ್ನ ಕೆಲಸ ನೋಡ್ಕೋ" ಎಂದು ಎಂಜಿನಿಯರು ನಕ್ಕರು. ಮಧ್ಯಾಹ್ನ ಹಲಗೆ ಕುಸಿದು ಭೀಮಾಶಂಕರನ ಕಾಲು ಮುರಿಯಿತು.

"ಚಿಟ್ಟಿ ಮಾತು ಯಾರು ಕೇಳ್ತಾರ್ರಿ?" ಎನ್ನುತ್ತಾರೆ ಹುಸೇನಮ್ಮ. "ಸಣ್ಣ ಹುಡುಗಿ ರಚ್ಚಿ ಹಿಡಿದಾಳ ಅಂದ್ಕೊಂಡ್ರು. ಆವತ್ತ ಠರಾವ್ ಮಾಡಿದೆ, ಕೆಲಸದ ಜಾಗಾದಾಗ ನಮ್ಮವರದೆಲ್ಲ ಪೂರ್ತಿ ಹೆಸರು."

ಇಂದಿನ ಕೆಲಸ ನಾಚಾರಂನ ಒಂದು ಗೋದಾಮಿನ ಮಹಡಿ. ಎಂಜಿನಿಯರ್ ಹೇಮಂತ ಹೊಸಬರು. ಅವರೆದುರು ನಿಂತು ಹುಸೇನಮ್ಮ ಹೇಳುತ್ತಾರೆ: "ನಾನು ಹುಸೇನಮ್ಮ, ಮೇಸ್ತ್ರಿ. ಆ ಮೂಲಿ ಕಂಬ ಸಡ್ಲ ಅದಾವ್ರಿ. ಬಿಗಿ ಮಾಡೋತನಕ ನಮ್ಮ ಬುಟ್ಟಿ ಏಳಂಗಿಲ್ಲ."

ಮಿಕ್ಸರ್ ಆಗಲೇ ತಿರುಗುತ್ತಿದೆ. "ಏ ಚಿಟ್ಟಿ..." ಎಂದು ಗುತ್ತೇದಾರ ಬಾಯಿ ತೆಗೆಯುವಷ್ಟರಲ್ಲಿ ಹೇಮಂತ ಕೈ ಅಡ್ಡ ಹಿಡಿಯುತ್ತಾರೆ. "ಹುಸೇನಮ್ಮಗಾರು, ಯಾವ ಕಂಬ?" ಎಂದು ತೆಲುಗಿನ ಮರ್ಯಾದೆಯಲ್ಲೇ ಕೇಳಿ, ಬಗ್ಗಿ ಅಲುಗಿಸುತ್ತಾರೆ. ಅಲುಗುತ್ತದೆ! ಕಂಬ ಬಿಗಿಯಾಗುವವರೆಗೆ ಮುಕ್ಕಾಲು ಗಂಟೆ ಕೆಲಸ ನಿಲ್ಲುತ್ತದೆ. ಭೀಮಾಶಂಕರ ಹಳೆಯ ಕಾಲನ್ನು ಸವರಿಕೊಳ್ಳುತ್ತಾ ಕೂರುತ್ತಾನೆ.

ಮೇಲೆ ಹತ್ತಿದ ಮೇಲೆ ಮಾತ್ರ ಕಾನೂನು ಬೇರೆ. "ಭೀಮ್ಯಾ, ಸರ್ಕೋ!" ಹುಸೇನಮ್ಮನ ಕೂಗು ಬಿದ್ದದ್ದೇ ಭೀಮಾಶಂಕರ ಪಕ್ಕಕ್ಕೆ ಜಿಗಿಯುತ್ತಾನೆ, ಹಗ್ಗದಲ್ಲಿ ಮೇಲೆ ಬಂದ ಕಾಂಕ್ರೀಟಿನ ಬಕೆಟ್ಟು ಅವನು ನಿಂತಿದ್ದ ಜಾಗದ ಮೇಲೇ ತೂಗಿ ಹೋಗುತ್ತದೆ.

"ಅಲ್ಲಿ ಪೂರ್ತಿ ಹೆಸರು ಕರಿಯೂದ್ರಾಗ ಜೀವ ಹೋಗಿರ್ತೈತ್ರಿ. ಮ್ಯಾಲ ನಾನೂ ಚಿಟ್ಟಿನ. ನಮ್ಮವರು ಕರದ್ರ ಅದೂ ಭಾಳ ಸವಿ."

ಮತ್ತೇನು ಆಸೆ ಎಂದು ಕೇಳಿದರೆ ಹುಸೇನಮ್ಮ ಸಿಮೆಂಟು ಮೆತ್ತಿದ ತಮ್ಮ ಹೆಲ್ಮೆಟ್ಟನ್ನು ಸೆರಗಿನಿಂದ ಒರೆಸುತ್ತಾರೆ. ಯಾರೋ ಕೆಂಪು ಬಣ್ಣದಲ್ಲಿ ಬರೆದ 'ಚಿಟ್ಟಿ' ಇನ್ನೂ ಹಾಗೇ ಇದೆ.

"ಇದರ ಮ್ಯಾಲ ಹುಸೇನಮ್ಮ ಮೇಸ್ತ್ರಿ ಅಂತ ಬರಸಬೇಕ್ರಿ. ಜಾಗ ಸಾಲಲಿಲ್ಲಂದ್ರ ಹಿಂದಕ ಸುತ್ತು ಹಾಕಿ ಬರೀಲಿ. ಹಿಂದ ಬರೋರಿಗೂ ಕಾಣಲಿ."