ವಧುವಿನ ಕೋಣೆಯಿಂದ ಕೇಳಿಬಂದ ದನಿ

ಕೊರೋನಾ ಕಳೆದ ಮೇಲಿನ ಎರಡನೆಯ ಆಷಾಢ. ಆಗ ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಹಿರಿಯ ರೆಕಾರ್ಡಿಂಗ್ ಎಂಜಿನಿಯರ್. ಪದವಿ ದೊಡ್ಡದಾಗಿ ಕೇಳಿಸುತ್ತದೆ, ಕೆಲಸ ಇಷ್ಟೇ: ಮೈಕು ಎಲ್ಲಿಡಬೇಕೆಂದು ಹೇಳುವುದು, ಆಮೇಲೆ ಸುತ್ತಮುತ್ತಲಿನ ಸಮಸ್ತ ಜೀವರಾಶಿಯನ್ನು ಸುಮ್ಮನಿರಿಸುವುದು. ಎರಡನೆಯದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ನನ್ನೆದುರು ಒಮ್ಮೆ ಕೆಮ್ಮಿದವರು ಎರಡನೆಯ ಸಲ ಕೆಮ್ಮುವ ಧೈರ್ಯ ಮಾಡುತ್ತಿರಲಿಲ್ಲ.

ಆ ವರ್ಷ ನಮಗೆ ಬಂದ ಕೆಲಸ, ಹತ್ತೊಂಬತ್ತನೆಯ ಶತಮಾನದ ಜರ್ಮನ್ ರೊಮ್ಯಾಂಟಿಕ್ ಸಂಗೀತಗಾರನೊಬ್ಬನ ನಾಲ್ಕು ಸಿಂಫನಿಗಳ ಧ್ವನಿಮುದ್ರಣ. ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ನಡೆದದ್ದರಲ್ಲಿ ಆ ಪುಣ್ಯಾತ್ಮನ ತಪ್ಪೇನೂ ಇರಲಿಲ್ಲ. ಕಂಡಕ್ಟರ್, ಅಂದರೆ ವಾದ್ಯವೃಂದವನ್ನು ಕೈಸನ್ನೆಯಿಂದ ನಡೆಸುವವರು, ವಸುಧಾ ಮೇಡಂ. ಬಸವನಗುಡಿಯಲ್ಲಿ ಹುಟ್ಟಿ ಜರ್ಮನಿಯಲ್ಲಿ ದುಡಿದು ಬಂದವರು. ಈ ನಾಲ್ಕು ಸಿಂಫನಿಗಳಿಗಾಗಿ ವರ್ಷಗಟ್ಟಲೆ ಕಾದು, ಊರೂರುಗಳಿಂದ ವಾದಕರನ್ನು ಸೇರಿಸಿದ್ದರು. ಅಷ್ಟು ಜನರನ್ನು ಕೂರಿಸಲು ಮಾತ್ರ ಜಾಗ ಸಿಕ್ಕಿರಲಿಲ್ಲ.

ಜಾಗ ತೋರಿಸಿದವನು ನಾನು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ನನ್ನ ಸೋದರತ್ತೆ ಕೆಂಪಮ್ಮನ ಕಲ್ಯಾಣ ಮಂಟಪವಿದೆ. ಎತ್ತರದ ಚಾವಣಿ, ಅಗಲವಾದ ಹಜಾರ. ಆಷಾಢದಲ್ಲಿ ನಮ್ಮ ಕಡೆ ಯಾರೂ ಮದುವೆ ಮಾಡುವುದಿಲ್ಲ, ಇಡೀ ತಿಂಗಳು ಖಾಲಿ. ಯುರೋಪಿನ ಸಂಗೀತಕ್ಕೆ ನಮ್ಮ ಪಂಚಾಂಗ ಇಷ್ಟು ಅನುಕೂಲ ಮಾಡಿಕೊಟ್ಟೀತೆಂದು ಯಾರು ಎಣಿಸಿದ್ದರು?

ವಧುವಿನ ಕೋಣೆ ನನ್ನ ಕಂಟ್ರೋಲ್ ರೂಮ್ ಆಯಿತು. ಮಂಟಪದ ಸಿಸಿಟಿವಿಯಲ್ಲಿ ಹಜಾರ ಕಾಣುತ್ತಿತ್ತು. ನನ್ನ ಕೈಯಳತೆಯಲ್ಲಿ ಟಾಕ್‌ಬ್ಯಾಕ್ ಎಂಬ ಗುಂಡಿ. ಅದನ್ನು ಒತ್ತಿ ಮಾತಾಡಿದರೆ ದನಿ ಹಜಾರದ ಸ್ಪೀಕರಿನಲ್ಲಿ ಕೇಳುತ್ತದೆ. ರೆಕಾರ್ಡಿಂಗ್ ನಡೆಯುವಾಗ ಅದನ್ನು ಮುಟ್ಟಬಾರದು. ಕೊನೆಯ ಸ್ವರ ನಿಂತ ಮೇಲೂ, ಅದರ ಅನುರಣನ ಪೂರ್ತಿ ಆರುವವರೆಗೆ ಉಸಿರೂ ಬಿಡಬಾರದು. ಈ ನಿಯಮವನ್ನು ನಾನು ಅಡಿಗೆಯವರಿಂದ ಹಿಡಿದು ಪಾರಿವಾಳಗಳವರೆಗೆ ಎಲ್ಲರಿಗೂ ಬೋಧಿಸಿದ್ದೆ.

ತೊಂದರೆ ಬಂದದ್ದು ಅನುರಣನದ್ದೇ. ಆ ಸಂಗೀತಗಾರನ ಕಾಲದಲ್ಲಿ ಪಿಟೀಲಿಗೆ ಕರುಳಿನ ತಂತಿ, ಸಣ್ಣ ಮೇಳ. ಈಗಿನದು ಉಕ್ಕಿನ ತಂತಿ, ದೊಡ್ಡ ಮೇಳ. ಬರಿಯ ಹಜಾರದಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಕಲಸುಮೇಲೋಗರವಾಯಿತು. ಅತ್ತೆಯೇ ಉಪಾಯ ಹೇಳಿದಳು. ಬೀಗರು ಇಳಿದುಕೊಳ್ಳುವ ಕೋಣೆಗಳ ಹಾಸಿಗೆಗಳನ್ನೆಲ್ಲ ತಂದು ಕುರ್ಚಿಗಳ ಮೇಲೆ ಒರಗಿಸಿದೆವು. ಹಾಸಿಗೆ ಸದ್ದನ್ನು ಕುಡಿಯುತ್ತದೆ. ಮೂರು ಸಿಂಫನಿ ಹಾಗೇ ಮುಗಿದವು.

ಕೊನೆಯ ದಿನ ಬೆಳಿಗ್ಗೆ ಅತ್ತೆ ಹಾಸಿಗೆ ವಾಪಸು ಕೇಳಿದಳು.

“ಸ್ರಾವಣದ ಮೊದಲ್ನೇ ಲಗ್ನ ಕಣ್ಲಾ ಸಿವ್ರಾಮ. ಇವತ್ತು ಸಂಜೀಗೆ ಗಂಡಿನ್ ಕಡೇರು ಬತ್ತಾರೆ. ನೆಲದ್ ಮ್ಯಾಲೆ ಮನೀಕಳಿ ಅನ್ಲಾ?”

ನಾಲ್ಕನೆಯ ಸಿಂಫನಿಯ ಕೊನೆಯ ಭಾಗವೊಂದೇ ಉಳಿದಿತ್ತು. ಅರ್ಧ ವಾದಕರು ಆ ಸಂಜೆಯೇ ವಿಮಾನ ಹತ್ತುವವರು. ಅದೇ ಜನ ಮತ್ತೆ ಒಟ್ಟಿಗೆ ಸೇರುವುದು ಆಗದ ಮಾತು. ಇವತ್ತು ತಪ್ಪಿದರೆ ಮೇಡಂ ಅವರ ನಾಲ್ಕರಲ್ಲಿ ಮೂರೂಮುಕ್ಕಾಲು ಉಳಿಯುತ್ತಿತ್ತು. ಆಗ ಮೇಡಂ, “ಹಾಸಿಗೆ ಬದಲು ಜನರನ್ನೇ ಕೂರಿಸೋಣ, ಮನುಷ್ಯರ ಮೈಯೂ ಸದ್ದು ಕುಡಿಯುತ್ತೆ. ಇಷ್ಟು ದಿನ ನಮಗೆ ಊಟ ಹಾಕಿದಾರೆ, ಒಂದು ಸಲವಾದರೂ ಕೇಳಲಿ” ಎಂದರು.

ಹದಿನೈದು ದಿನ ಆ ವಾದಕರ ನಡುವೆ ನಾನು ಇಂಗ್ಲಿಷು ಮತ್ತು ಪುಸ್ತಕದ ಕನ್ನಡ ಬಿಟ್ಟು ಬೇರೆ ಆಡಿರಲಿಲ್ಲ. ನನ್ನ ಊರಿನವರು ಏನು ಮಾಡಿ ಮಾನ ತೆಗೆಯುತ್ತಾರೋ ಎಂಬುದೇ ಚಿಂತೆ. ಅಡಿಗೆಯವರು, ಓಲಗದವರು, ಅತ್ತೆಯ ನೆಂಟರು, ಅಕ್ಕಪಕ್ಕದವರು ಒಳ್ಳೆ ಸೀರೆ, ಪಂಚೆ ಉಟ್ಟು ಬಂದು ಕೂತರು. ನಾನು ಅವರ ಮುಂದೆ ನಿಂತು ಪ್ರವಚನ ಮಾಡಿದೆ: ಮೊಬೈಲು ಬೇಡ, ಬಳೆ ಸದ್ದು ಬೇಡ, ಚಪ್ಪಾಳೆ ಬೇಡ. ಕೊನೆಗೆ, “ಏನೂ ತಿಳಿಯಬೇಕಾದ್ದಿಲ್ಲ, ಹಾಸಿಗೆ ಇದ್ದ ಹಾಗೆ ಇದ್ದರೆ ಸಾಕು” ಎಂದೂ ಸೇರಿಸಿದೆ.

“ಆಗ್ಲಪ್ಪ, ಇರ್ತೀವಿ ಬುಡು” ಎಂದಳು ಅತ್ತೆ.

ನಿಜಕ್ಕೂ ಇದ್ದರು. ಒಂದು ಬಳೆ ಅಲುಗಲಿಲ್ಲ. ಹೆಡ್‌ಫೋನಿನಲ್ಲಿ ಸದ್ದು ಹಾಸಿಗೆಗಳಿಗಿಂತ ಚೆನ್ನಾಗಿ ಬರುತ್ತಿತ್ತು. ಸಿಂಫನಿಯ ತುತ್ತತುದಿಯಲ್ಲಿ ಇಡೀ ಮೇಳ ಒಟ್ಟಿಗೆ ಏರುತ್ತದೆ. ಟಿಂಪನಿ ಎಂಬ ತಾಮ್ರದ ದೊಡ್ಡ ನಗಾರಿಗಳು ಎಡೆಬಿಡದೆ ಉರುಳುತ್ತವೆ. ಸಿಸಿಟಿವಿಯಲ್ಲಿ ನೋಡುತ್ತೇನೆ: ಅತ್ತೆ ಎದ್ದು ನಿಂತಳು. ಅವಳ ಹಿಂದೆ ಎಲ್ಲರೂ ಎದ್ದರು. ಅಷ್ಟೂ ಕೈಗಳು ಮೇಲೆದ್ದು, ಮರುದಿನದ ಮದುವೆಗೆಂದು ಕಲಸಿಟ್ಟಿದ್ದ ಅಕ್ಷತೆಯನ್ನು ಮೇಳದ ಮೇಲೆ ಎರಚಿದವು.

ನಮ್ಮ ಮಂಟಪಗಳಲ್ಲಿ ತಾಳಿ ಕಟ್ಟುವ ಗಳಿಗೆಗೆ ಓಲಗದವರು ಗಟ್ಟಿಮೇಳ ಬಾರಿಸುತ್ತಾರೆ. ಗಟ್ಟಿಮೇಳ ಎದ್ದಿತೆಂದರೆ ಅಕ್ಷತೆ ಬೀಳಬೇಕು. ಆ ಹಜಾರದಲ್ಲಿ ಅದಿಲ್ಲದೆ ಒಂದು ಗಟ್ಟಿಮೇಳವೂ ಮುಗಿದದ್ದಿಲ್ಲ. ಇದೆಲ್ಲ ನನಗೆ ಈಗ ಹೊಳೆಯುತ್ತದೆ. ಆಗ ಹೊಳೆದದ್ದು ಲಕ್ಷಗಟ್ಟಲೆ ಬೆಲೆಯ ಪಿಟೀಲುಗಳೊಳಗೆ ಬೀಳುವ ಅಕ್ಕಿ, ಮತ್ತು ನನ್ನ ಮಾನ. ಕೈ ತಾನಾಗಿ ಗುಂಡಿ ಒತ್ತಿತು.

“ಎಸೀಬ್ಯಾಡ್ರೋ! ದನ ಕಾಯೋರ ತಂದು ಕೂರಿಸ್ದಂಗಾಯ್ತಲ್ಲ! ಎಲ್ಲೋದ್ರೂ ಮಾನ ಕಳೀತೀರಲ್ಲೋ!”

ಹದಿನೈದು ದಿನ ಬಚ್ಚಿಟ್ಟ ನನ್ನ ಭಾಷೆ ಇಡೀ ಹಜಾರ ತುಂಬಿತು. ಅತ್ತೆ ಸ್ಪೀಕರಿನ ಕಡೆ ಒಮ್ಮೆ ನೋಡಿ ಹೊರಟಳು. ಎಲ್ಲರೂ ಅವಳ ಹಿಂದೆ ಹೊರಟರು. ಅನುರಣನ ಆರುವವರೆಗೆ ಸದ್ದು ಮಾಡಬಾರದೆಂದು ನಾನು ಹೇಳಿದ್ದೆನಲ್ಲ, ಅದನ್ನು ಮರೆಯದೆ ತುದಿಗಾಲಲ್ಲಿ ನಡೆದು ಹೋದರು.

ಮೇಡಂ ವಧುವಿನ ಕೋಣೆಗೆ ಬಂದು, “ಹಾಕಿ, ಕೇಳೋಣ” ಎಂದರು. ಹಾಕಿದೆ. ಗಟ್ಟಿ ಸ್ವರದಲ್ಲಿ ಅಕ್ಕಿಯ ಸುಳಿವೇ ಇಲ್ಲ. ಒಂದು ಕಾಳಿನ ಸದ್ದೂ ದಾಖಲಾಗಿರಲಿಲ್ಲ. ಕೊನೆಯ ಸ್ವರ ನಿಂತಿತು, ಅನುರಣನ ತೇಲತೊಡಗಿತು, ಅದರ ನಟ್ಟನಡುವೆ, ಬಹಳ ಸ್ಪಷ್ಟವಾಗಿ, ದನ ಕಾಯೋರು.

“ಇದು ನೀವಾ?” ಎಂದರು ಮೇಡಂ. ನಾನು ಹೌದೆಂದು ತಲೆಯಾಡಿಸಿದೆ. ಎದುರಿಗೆ ಮದುಮಗಳು ಮುಖ ನೋಡಿಕೊಳ್ಳುವ ನಿಲುವುಗನ್ನಡಿ. ಆಳೆತ್ತರದ ಕನ್ನಡಿಯಲ್ಲಿ ಎಲ್ಲಿ ನೋಡಿದರೂ ನಾನೇ.

ಕೊನೆಯ ಸ್ವರಗಳನ್ನಷ್ಟೇ ಮತ್ತೆ ನುಡಿಸಿ ಜೋಡಿಸಬಹುದು. ಅದಕ್ಕೆ ಪ್ಯಾಚ್ ಎನ್ನುತ್ತೇವೆ. ಆದರೆ ಖಾಲಿ ಹಜಾರದಲ್ಲಿ ನುಡಿಸಿದರೆ ಅನುರಣನ ಬೇರೆಯಾಗಿ ತೇಪೆ ಎದ್ದು ಕಾಣುತ್ತದೆ. ಅದೇ ಜನ ಅದೇ ಕುರ್ಚಿಗಳಲ್ಲಿ ಕೂತಿರಬೇಕು. ವಾದಕರ ಬಸ್ಸು ಆಗಲೇ ಅಂಗಳಕ್ಕೆ ಬಂದಿತ್ತು.

ಎಲ್ಲರೂ ಹಿಂದಿನ ಅಡಿಗೆಮನೆಯಲ್ಲಿದ್ದರು. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದಳು. ನಾನು ಹತ್ತಿರ ಹೋಗಿ ಕಿವಿಯಲ್ಲಿ, “ಅತ್ತೆ, ತಪ್ಪಾಯ್ತು. ಎಲ್ಲರನ್ನೂ ಕರ್ಕೊಂಡು ಬಾ, ಇನ್ನೊಂದು ಸಲ ಕೂರಬೇಕು” ಎಂದೆ.

“ಯಾಕ್ಲಾ? ಆಸ್ಗೆ ಎಲ್ಲಾರಾ ಬಯ್ಸ್ಕಂಡು ಎದ್ದೋಗಿ ತಿರ್ಗಾ ಬತ್ತದಾ?”

ಯಾರೋ ಕಿಸಕ್ಕನೆ ನಕ್ಕರು. ಅತ್ತೆ ನಗಲಿಲ್ಲ.

“ನಿಮ್ಮಪ್ಪ ದನ ಕಾದೇ ನಿನ್ನ ಓದ್ಸಿದ್ದು, ಅದಿರ್ಲಿ. ಆವಮ್ಮ ಪಾಪ ಏನ್ ಮಾಡಿದ್ಲು? ಆವಮ್ಮನ ಕೆಲ್ಸ ಕೆಡಬಾರ್ದು, ಬತ್ತೀವಿ. ಬಯ್ದಿದ್ದು ಮೈಕಲ್ಲಿ, ಕರ್ಯೋದು ಕಿವೀಲಾ? ಮೈಕಲ್ಲೇ ಕರಿ.”

ವಾದಕರೆಲ್ಲ ಅಕ್ಕಿ ಕೊಡವಿಕೊಂಡು ಕಾಯುತ್ತಿದ್ದರು. ನಾನು ಗುಂಡಿ ಒತ್ತಿದೆ. ಪುಸ್ತಕದ ಕನ್ನಡದಲ್ಲಿ ಒಂದು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ, ಬಾಯಿಗೆ ಬರಲಿಲ್ಲ. “ತಪ್ಪಾಯ್ತು ಕಣ್ರಪ್ಪ. ದನ ಕಾಯೋನ ಮಗ ನಾನೇಯ. ಬನ್ನಿ, ಬಂದು ಕೂತ್ಕಳಿ” ಎಂದೆ. ವಾದಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಕೈಯಲ್ಲಿದ್ದ, ಮೇಳ ನಡೆಸುವ ಕಡ್ಡಿಯನ್ನೇ ನೋಡುತ್ತ ನಿಂತರು.

ಜನ ಬಂದು ಕೂತರು. ಮೇಳ ಮತ್ತೆ ಏರಿತು, ನಗಾರಿ ಉರುಳಿತು. ಅತ್ತೆ ಎದ್ದಳು, ಎಲ್ಲರೂ ಎದ್ದರು. ಅಕ್ಷತೆ ಹಿಡಿದ ಮುಷ್ಟಿಗಳು ಬಿಗಿಯಾಗಿಯೇ ಇದ್ದವು. ಕೊನೆಯ ಸ್ವರ ನಿಂತು, ಹಜಾರದಲ್ಲಿ ತೇಲಿ, ನಿಧಾನವಾಗಿ ಆರಿತು. ಆಮೇಲೆ ಏನೂ ಇರಲಿಲ್ಲ. ಈಗ ಗುಂಡಿ ಒತ್ತಿ “ಮುಗಿಯಿತು” ಎಂದು ಹೇಳಬೇಕಾದವನು ನಾನು. ಕೈ ಏಳಲಿಲ್ಲ. ಮೇಡಂ ಕ್ಯಾಮೆರಾ ಕಡೆ ನೋಡಿದರು. ಎಲ್ಲರೂ ನೋಡಿದರು.

ಅತ್ತೆಯೂ ತಲೆಯೆತ್ತಿದಳು. “ಈಗ ಮಾತಾಡ್ಬೌದು ಕಣ್ಲಾ ಸಿವ್ರಾಮ” ಎಂದು, ಮುಷ್ಟಿ ಬಿಚ್ಚಿ ಎಸೆದಳು.

ಬೇರೆಯವರನ್ನು ಸುಮ್ಮನಿರಿಸುವ ವಿದ್ಯೆ ನನಗೆ ಮೊದಲೇ ಬರುತ್ತಿತ್ತು. ನನ್ನನ್ನು ಸುಮ್ಮನಿರಿಸುವುದನ್ನು ಆ ದಿನ ಕಲಿತೆ. ನಿವೃತ್ತನಾಗುವವರೆಗೂ ರೆಕಾರ್ಡಿಂಗ್ ನಡೆಯುವಾಗ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡೇ ಕೂತೆ. ಸ್ಟುಡಿಯೋದ ಹೊಸಬರು ಅದೇನೋ ಗಹನವಾದ ತಾಂತ್ರಿಕ ಕ್ರಮವೆಂದು ತಿಳಿದು ಹಾಗೇ ಕೂರತೊಡಗಿದರು. ನಾನು ತಿದ್ದಲು ಹೋಗಲಿಲ್ಲ.