ಅಂಧೇರಿಯ ಟೆರೇಸಿನ ಮೇಲೆ ಒಂದು ನೆಟ್ಟನೆ ಗೆರೆ

ಮುಂಬಯಿಯಲ್ಲಿ ರಾತ್ರಿಯ ಆಕಾಶ ಕಪ್ಪಗಿರುವುದಿಲ್ಲ. ನಮ್ಮ ಅಂಧೇರಿಯ ಕಡೆ ಅದು ಸಂಜೆಗೆ ಕೇಸರಿ, ಹನ್ನೊಂದರ ಮೇಲೆ ಚಹಾದ ಕಂದು, ಬೆಳಗಿನ ಜಾವಕ್ಕೆ ಬೂದಿ. ಕಣ್ಣಿಟ್ಟು ಹುಡುಕಿದರೆ ಹತ್ತೋ ಹದಿನೈದೋ ನಕ್ಷತ್ರ ಸಿಕ್ಕಾವು, ಅವುಗಳಲ್ಲೂ ಒಂದೆರಡು ಮೆಲ್ಲಗೆ ಕೆಳಗಿಳಿದು ಏರ್‌ಪೋರ್ಟ್ ಸೇರಿಕೊಳ್ಳುತ್ತವೆ. ಇಂಥ ಆಕಾಶದಡಿ ನಿಂತು ಗ್ಯಾಲಕ್ಸಿಯ ಫೋಟೊ ತೆಗೆಯುತ್ತೇನೆ ಎಂದಾಗ ಫೋರ್ಟ್‌ನ ನಮ್ಮ ಆಫೀಸಿನಲ್ಲಿ ಜೊತೆಗೆ ಊಟಕ್ಕೆ ಕೂರುವವರು ನಕ್ಕರು. ಆಗದು ಎಂದು ಯಾರಾದರೂ ಅಂದರೆ ಸಾಕು, ನನಗೆ ಹಟ ಹತ್ತುತ್ತದೆ. ಐವತ್ತೆರಡಾದರೂ ಆ ಗುಣ ಹೋಗಿಲ್ಲ.

ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಅವ್ವ. ಅವಳು ಧಾರವಾಡದ ಕಡೆಯಿಂದ ಅಪ್ಪನ ಮಿಲ್ ಕೆಲಸದ ಹಿಂದೆ ಬಂದು, ದಾದರಿನ ಚಾಳಿನ ಒಂದೇ ಕೋಣೆಯಲ್ಲಿ ಮೂವತ್ತು ವರ್ಷ ನೆರೆಹೊರೆಯವರ ಬ್ಲೌಸ್ ಹೊಲಿದು, ಅಪ್ಪ ತೀರಿಕೊಂಡ ಮೇಲೆ ನನ್ನ ಜೊತೆ ಈ ಬಿಲ್ಡಿಂಗಿಗೆ ಬಂದವಳು. ಈಗ ಎಪ್ಪತ್ತಾರು. ಎರಡು ವರ್ಷದ ಹಿಂದೆ ಅವಳ ಬಲಗಣ್ಣಿನ ನಡುವಿನ ನೋಟ ಹೋಯಿತು. ಅಕ್ಷರ ಕುಣಿಯಾಕತ್ತಾವ ಎಂದು ಅವಳು ಹೇಳಿದಾಗ ಚಷ್ಮಾದ ನಂಬರ್ ಬದಲಾಗಿರಬೇಕೆಂದು ನಾನೇ ಅಂಗಡಿಗೆ ಕರೆದೊಯ್ದು ಹೊಸ ಗಾಜು ಹಾಕಿಸಿದ್ದೆ. ಒಳಗೆ ಕಣ್ಣಿನ ಪರದೆಯ ಹಿಂದೆ ರಕ್ತ ಸೋರುತ್ತಿತ್ತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆ ಕಣ್ಣಿಗೆ ಈಗ ಎದುರು ನಿಂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ.

ಉಳಿದದ್ದು ಎಡಗಣ್ಣು. ಅದನ್ನು ಕಾಯುವುದೇ ನಮ್ಮ ಮನೆಯ ದೊಡ್ಡ ಕೆಲಸ. ದಾದರಿನ ಕಣ್ಣಿನ ಡಾಕ್ಟರು, ಮಾತು ಕಡಿಮೆಯ ಮರಾಠಿ ಹೆಂಗಸು, ಚೌಕಳಿ ಗೆರೆಗಳ ಒಂದು ಹಾಳೆ ಕೊಟ್ಟಿದ್ದರು. ದಿನವೂ ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಿಂದ ಅದರ ನಡುವಿನ ಚುಕ್ಕೆಯನ್ನು ನೋಡಬೇಕು. ಒಂದು ಗೆರೆ ಬಾಗಿ ಕಂಡರೂ ಅವತ್ತೇ ಬರಬೇಕು, ಮರುದಿನವಲ್ಲ. ಆಗ ಇಂಜೆಕ್ಷನ್ ಕೊಟ್ಟರೆ ಕಣ್ಣು ಉಳಿಯುತ್ತದೆ, ತಡವಾದರೆ ಇದೂ ಬಲಗಣ್ಣಿನ ದಾರಿ ಹಿಡಿಯುತ್ತದೆ. ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದ್ದೆ. ಬೆಳಿಗ್ಗೆ ನಾನು ಡಬ್ಬಿ ಕಟ್ಟುವಾಗ ಅವ್ವ ಅದರ ಮುಂದೆ ನಿಂತು, ಅಂಗೈಯನ್ನು ಬಲಗಣ್ಣಿಗೆ ಒತ್ತಿಕೊಂಡು, "ಎಲ್ಲಾ ನೆಟ್ಟಗ ಅದಾವ" ಎನ್ನುವಳು. ಅಷ್ಟು ಕೇಳಿದ ಮೇಲೆಯೇ ನಾನು ಲೋಕಲ್ ರೈಲು ಹಿಡಿಯಲು ಓಡುತ್ತಿದ್ದೆ.

ನನ್ನ ಗ್ಯಾಲಕ್ಸಿ ಏಪ್ರಿಲ್ ರಾತ್ರಿಗಳಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತದೆ, ಸಿಂಹರಾಶಿಯ ಬಾಲಕ್ಕೂ ಸ್ವಾತಿ ನಕ್ಷತ್ರಕ್ಕೂ ನಡುವೆ. ಪಟ್ಟಿಯಲ್ಲಿ ಅದಕ್ಕೊಂದು ನಂಬರ್ ಇದೆ, ನಮ್ಮಂಥ ಹವ್ಯಾಸಿಗಳ ಬಾಯಲ್ಲಿ ಅದು ಸೂಜಿ. ಬೇರೆ ಎಷ್ಟೋ ಗ್ಯಾಲಕ್ಸಿಗಳು ನಮ್ಮ ಕಡೆಗೆ ಮುಖ ಮಾಡಿ ಸುರುಳಿ ತೋರಿಸುತ್ತವೆ. ಇದು ಪಕ್ಕಕ್ಕೆ ತಿರುಗಿ ನಿಂತಿದೆ. ಹಾಗಾಗಿ ನಮಗೆ ಕಾಣುವುದು ಅದರ ಅಂಚು ಮಾತ್ರ: ತೆಳ್ಳನೆಯ ನೆಟ್ಟನೆ ಗೆರೆ, ನಡುವೆ ಕೊಂಚ ಉಬ್ಬು, ಉದ್ದಕ್ಕೂ ಕಪ್ಪು ಧೂಳಿನ ಪಟ್ಟಿ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು ಸುಮಾರು ನಾಲ್ಕು ಕೋಟಿ ವರ್ಷ ಬೇಕು. ಹತ್ತಿಪ್ಪತ್ತು ಲಕ್ಷ ಆಚೀಚೆಯಾದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಕೆಲಸದ ರೀತಿ ಹೀಗೆ. ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅದನ್ನೂ ಮೋಟರಿನಿಂದ ತಿರುಗಿಸುತ್ತ, ಅರ್ಧ ಅರ್ಧ ನಿಮಿಷದ ನೂರಾರು ಫೋಟೊ ತೆಗೆಯಬೇಕು. ಯಾವುದೇ ಒಂದು ಫೋಟೊ ತೆರೆದು ನೋಡಿದರೂ ಅಂಧೇರಿಯ ದೀಪಗಳ ಮಬ್ಬು ಬಿಟ್ಟು ಏನೂ ಇರುವುದಿಲ್ಲ. ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಒಂದರ ಮೇಲೊಂದು ಕೂಡಿಸಿದಾಗ ಊರಿನ ಬೆಳಕನ್ನು ಕಳೆದು ಆಕಾಶದ್ದನ್ನು ಉಳಿಸಿಕೊಳ್ಳಬಹುದು. ವಿಮಾನ ದಾಟಿಹೋದ ಫೋಟೊಗಳನ್ನು ಬಿಸಾಡಬೇಕು. ಹನ್ನೊಂದೂವರೆಗೆ ನಮ್ಮ ಕಡೆ ನೀರು ಬರುತ್ತದೆ, ವಾಚ್‌ಮನ್ ಪಂಪ್ ಹಾಕುತ್ತಾನೆ, ಟೆರೇಸ್ ಇಡೀ ಸಣ್ಣಗೆ ನಡುಗುತ್ತದೆ, ನಕ್ಷತ್ರಗಳು ಅಲ್ಪವಿರಾಮದ ಚಿಹ್ನೆಗಳಾಗುತ್ತವೆ. ಅರ್ಧ ಗಂಟೆ ತಡೆದು ಹಾಕು ಎಂದು ಒಮ್ಮೆ ಕೇಳಿಕೊಂಡೆ. "ಮ್ಯಾಡಮ್, ತಾರೇ ಕಲ್ ಭೀ ಆಯೇಂಗೇ. ಪಾನೀ ಕಾ ಭರೋಸಾ ನಹೀಂ" ಎಂದ. ನಕ್ಷತ್ರ ನಾಳೆಯೂ ಬರುತ್ತವೆ, ನೀರಿನ ಭರವಸೆ ಇಲ್ಲ ಎಂಬುದು ಅವನ ಲೆಕ್ಕ.

ನಾಲ್ಕು ರಾತ್ರಿಗಳ ಆರುನೂರು ಫೋಟೊ ಕೂಡಿಸಿದ್ದು ಒಂದು ಶನಿವಾರ. ಟೆರೇಸಿನ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಯುತ್ತಿದ್ದೆ. ಕಂದು ಮಬ್ಬು ಇಳಿಯಿತು, ನಕ್ಷತ್ರಗಳು ಚುಕ್ಕೆ ಚುಕ್ಕೆಯಾಗಿ ನಿಂತವು, ಅವುಗಳ ನಡುವೆ ಒಂದು ಗೆರೆ ಮೂಡಿತು. ಅದರ ಮೈಮೇಲೆ, ಕೂದಲಷ್ಟು ಸಣ್ಣದಾಗಿ, ಕಪ್ಪು ಪಟ್ಟಿ. ಕೈ ಬಾಯಿಗೆ ಹೋಯಿತು. ಸಂತೋಷಕ್ಕಿಂತ ಮೊದಲು ಬಂದದ್ದು ಹೆದರಿಕೆ. ಮನುಷ್ಯರೆಂಬವರು ಇಲ್ಲದಿದ್ದಾಗ ಹೊರಟ ಬೆಳಕು, ದಾರಿಯಲ್ಲಿ ಯಾವುದಕ್ಕೂ ತಾಗದೆ, ಕೊನೆಯ ಗಳಿಗೆಯಲ್ಲಿ ಹೈವೇಯ ಹೊಗೆ ದಾಟಿ ನಮ್ಮ ಸೊಸೈಟಿಯ ಟೆರೇಸಿಗೆ ಬಂದು ಬಿದ್ದಿತ್ತು. ನಾನು ಅಲ್ಲಿ ಇಲ್ಲದಿದ್ದರೆ ಅದು ಮಳೆ ಸೋರದಂತೆ ಹಾಸಿದ ಡಾಂಬರು ಹಾಳೆಯ ಮೇಲೆ ಬಿದ್ದು ಮುಗಿದುಹೋಗುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಅವ್ವನನ್ನು ಲ್ಯಾಪ್‌ಟಾಪಿನ ಪರದೆಯ ಮುಂದೆ ಕೂರಿಸಿದೆ. ಎಡಗಣ್ಣನ್ನು ಹತ್ತಿರ ತಂದು ಬಹಳ ಹೊತ್ತು ನೋಡಿದಳು.

"ಉಬ್ಬಿದ ರೊಟ್ಟಿ ಬಾಜೂಲಿಂದ ನೋಡಿದಂಗ ಐತಿ" ಎಂದಳು. ಪುಸ್ತಕಗಳು ಒಂದು ಪುಟದಲ್ಲಿ ಹೇಳುವುದನ್ನು ಅವಳು ಒಂದು ಉಸಿರಿನಲ್ಲಿ ಹೇಳಿದಳೆಂದು ಹಿಗ್ಗಿದೆ. ಅಷ್ಟರಲ್ಲಿ ಅವಳೇ, "ಖರೆ, ನಡುವ ಸೊಟ್ಟ ಐತಲ್ಲ" ಎಂದಳು.

"ಎಲ್ಲಿ ಸೊಟ್ಟ?"

"ಇಲ್ಲೇ. ಉಬ್ಬಿನ ಕಡೆ ಕುಸದೈತಿ. ಹೊಲಿಗಿ ಎಳಕೊಂಡಂಗ."

ನನಗೆ ನೆಟ್ಟಗೇ ಕಾಣುತ್ತಿತ್ತು. ಆದರೆ ಆರು ಗಂಟೆ ಒಂದೇ ಗೆರೆಯನ್ನು ದಿಟ್ಟಿಸಿದ ಕಣ್ಣನ್ನು ನಾನು ನಂಬುವುದಿಲ್ಲ. ಅವ್ವನೋ, ಒಂದು ನೂಲು ಓರೆಯಾದರೂ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದವಳು. ಅವಳು ಸೊಟ್ಟ ಎಂದರೆ ಸೊಟ್ಟ. ಪಂಪ್ ಹಾಕಿದ ಹೊತ್ತಿನ ಫೋಟೊಗಳು ಒಳಗೆ ನುಸುಳಿ ಗೆರೆಯನ್ನು ಎಳೆದಿರಬೇಕು ಎಂದುಕೊಂಡು ಆರುನೂರನ್ನೂ ಮತ್ತೆ ಒಂದೊಂದಾಗಿ ಜಾಲಾಡಿದೆ. ಸೋಮವಾರ ಆಫೀಸಿನಿಂದ ಬಂದು ಮತ್ತೆ ಕೂಡಿಸಿ ತೋರಿಸಿದೆ. ಇನ್ನೂ ಸೊಟ್ಟ ಎಂದಳು. ಮಂಗಳವಾರ ಟೆಲಿಸ್ಕೋಪಿನ ಕನ್ನಡಿಯ ಸ್ಕ್ರೂಗಳನ್ನು ಬಿಚ್ಚಿ ಬಿಗಿದೆ, ಬುಧವಾರ ರಾತ್ರಿಯೆಲ್ಲ ಹೊಸದಾಗಿ ಫೋಟೊ ತೆಗೆದೆ. ಪ್ರತಿದಿನ ಬೆಳಿಗ್ಗೆ ಫ್ರಿಜ್ಜಿನ ಮುಂದೆ ಎಲ್ಲಾ ನೆಟ್ಟಗ ಅದಾವ ಎಂಬ ಮಾತು ಕೇಳಿಸುತ್ತಿತ್ತು, ಪ್ರತಿದಿನ ನಾನು ನೆಮ್ಮದಿಯಿಂದ ಲೋಕಲ್ ಹತ್ತುತ್ತಿದ್ದೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕೆನ್ನಿಸುತ್ತದೆ.

ಗುರುವಾರ ಸಂಜೆ ಹೊಸ ಚಿತ್ರ ತೋರಿಸಿದೆ. ಅದಕ್ಕೂ ಅವ್ವ ತಲೆಯಾಡಿಸಿದಳು.

"ಮೊದಲಿಗಿಂತ ಜಾಸ್ತಿ ಬಾಗೇತಿ."

ನನಗೆ ಸಿಟ್ಟು ನೆತ್ತಿಗೇರಿತು. ನಿದ್ದೆಗೆಟ್ಟಿದ್ದೆ, ಆಫೀಸಿನಲ್ಲಿ ಬೈಸಿಕೊಂಡಿದ್ದೆ. ಅವಳ ಹೊಲಿಗೆ ಪೆಟ್ಟಿಗೆಯಿಂದ ಸ್ಟೀಲಿನ ಸ್ಕೇಲ್ ತಂದು ಪರದೆಯ ಮೇಲೆ ಗೆರೆಗೆ ಸರಿಯಾಗಿ ಒತ್ತಿ ಹಿಡಿದೆ. ಸ್ಕೇಲಿನ ಅಂಚು ಗ್ಯಾಲಕ್ಸಿಯ ಈ ತುದಿಯಿಂದ ಆ ತುದಿಯವರೆಗೆ ಕೂದಲಷ್ಟೂ ತಪ್ಪದೆ ಕೂತಿತು.

"ನೋಡವ್ವಾ, ಈಗರೆ ನೋಡು. ಸ್ಕೇಲ್ ಇಟ್ಟೇನಿ. ಎಲ್ಲೈತಿ ಸೊಟ್ಟ?"

ಅವ್ವ ಕಣ್ಣು ಕಿರಿದು ಮಾಡಿ ಬಗ್ಗಿದಳು. "ಸ್ಕೇಲೂ ಸೊಟ್ಟ ಐತೆಲ್ಲ" ಎಂದಳು.

ಸ್ಕೇಲನ್ನು ಹಾಗೇ ಹಿಡಿದುಕೊಂಡು ನಿಂತೆ. ಅವ್ವನಿಗೂ ತಾನು ಏನು ಹೇಳಿದೆನೆಂದು ತಿಳಿಯಿತು. ಕೈ ಮಡಿಲಿಗೆ ಇಳಿಯಿತು, ಮುಖ ಬಿಳಿಚಿತು. ನಾನು ಅವಳ ಚಪ್ಪಲಿ ತಂದು ಮುಂದಿಟ್ಟೆ. ಐದು ನಿಮಿಷದಲ್ಲಿ ನಾವು ಸ್ಟೇಷನ್ನಿಗೆ ಹೋಗುವ ಆಟೊದಲ್ಲಿದ್ದೆವು.

ಆ ಹೊತ್ತಿಗೆ ದಾದರ್ ಕಡೆಗೆ ಹೋಗುವ ಲೋಕಲ್‌ನಲ್ಲಿ ಕೂರಲು ಜಾಗ ಸಿಗುತ್ತದೆ. ಕಿಟಕಿಯ ಪಕ್ಕ ಕೂರಿಸಿ, ಫ್ರಿಜ್ಜಿನ ಹಾಳೆಯಲ್ಲಿ ಯಾವಾಗಿನಿಂದ ಬಾಗಿ ಕಾಣುತ್ತಿತ್ತು ಎಂದು ಕೇಳಿದೆ. ಅಂಧೇರಿಯಿಂದ ಬಾಂದ್ರಾವರೆಗೆ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಳು.

"ಒಂದು ವಾರ ಆತು" ಎಂದಳು ಆಮೇಲೆ.

"ಮತ್ತ ದಿನಾ ನೆಟ್ಟಗ ಅಂತಿದ್ದೆಲ್ಲ!"

"ಹಾಳ್ಯಾಗ ನೆಟ್ಟಗ ಇರಬೇಕು ಅನ್ನೂದು ನನಗ ಗೊತ್ತಿತ್ತು. ಹಂಗ ಹೇಳಿದ್ರ ನೀ ನಕ್ಕೊಂತ ಆಫೀಸಿಗೆ ಹೋಗ್ತಿದ್ದಿ. ಕಣ್ಣಾಗ ಸೂಜಿ ಚುಚ್ಚತಾರ ಅಂತ ನನಗ ಅಂಜಿಕಿ." ನನ್ನ ಕಡೆ ತಿರುಗಿ, "ನಿನ್ನ ಆಕಾಶದ್ದು ಹೆಂಗಿರಬೇಕಂತ ನನಗ್ಯಾರು ಹೇಳ್ಯಾರ? ಕಂಡಿದ್ದು ಹೇಳಿದೆ" ಎಂದಳು.

ಹಾಳೆಯ ಮುಂದೆ ಅವಳು ನನಗೆ ಬೇಕಾದ ಉತ್ತರ ಕೊಟ್ಟಿದ್ದಳು. ಸರಿಯುತ್ತರ ಗೊತ್ತಿಲ್ಲದ ಒಂದೇ ವಸ್ತುವಿನ ಮುಂದೆ ಸತ್ಯ ಹೇಳಿದ್ದಳು. ಅದನ್ನು ಕೇಳಿಸಿಕೊಂಡ ನಾನು ಅವಳ ಕಣ್ಣು ಬಿಟ್ಟು ಟೆಲಿಸ್ಕೋಪಿನ ಸ್ಕ್ರೂ ಬಿಗಿಯುತ್ತಿದ್ದೆ, ಅದೂ ನಾಲ್ಕು ದಿನ. ಇನ್ನೂ ಒಂದೆರಡು ಸಲ ಫೋಟೊ ತೆಗೆಯುವ ಯೋಚನೆಯಲ್ಲಿದ್ದೆ ಎಂಬುದನ್ನು ಅವಳಿಗೆ ಹೇಳುವ ಧೈರ್ಯವಾಗಲಿಲ್ಲ.

ಡಾಕ್ಟರು ಯಂತ್ರದಲ್ಲಿ ಕಣ್ಣು ನೋಡಿ, ಸೋರಿಕೆ ಶುರುವಾಗಿದೆ, ಇನ್ನೂ ನಡುವಿಗೆ ಪೂರ್ತಿ ಮುಟ್ಟಿಲ್ಲ ಎಂದರು. ಮರುದಿನ ಬೆಳಿಗ್ಗೆಯೇ ಮೊದಲ ಇಂಜೆಕ್ಷನ್. ಉಳಿಯುತ್ತದಾ ಎಂದು ಕೇಳಿದೆ. ಮಾತು ಕೊಡಲಾರೆ, ತಿಂಗಳಿಗೊಂದರಂತೆ ಮೂರು ಕೊಟ್ಟು ನೋಡೋಣ ಎಂದರು. ಹಾಳೆ ನೋಡಿ ಬಂದಿರಾ ಎಂದು ಅವರು ಕೇಳಿದಾಗ ನಾನು ನಾಚಿಕೆಯಿಂದಲೇ ಎಲ್ಲ ಹೇಳಿ ಮೊಬೈಲಿನಲ್ಲಿದ್ದ ಫೋಟೊ ತೋರಿಸಿದೆ. ಕಾಯುವವರು ಹೊರಗೆ ಸಾಲಾಗಿ ಕೂತಿದ್ದರೂ ಅವರು ಅದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಲೇ ಇದ್ದರು. ಇದು ಇಲ್ಲಿಂದ, ಮುಂಬಯಿಯಿಂದ ತೆಗೆದದ್ದಾ ಎಂದು ಎರಡು ಸಲ ಕೇಳಿದರು.

ಮೇ ಕಳೆಯಿತು, ಮಳೆ ಬಂತು. ಟೆಲಿಸ್ಕೋಪ್ ಪೆಟ್ಟಿಗೆ ಸೇರಿತು. ಪ್ರತಿ ಇಂಜೆಕ್ಷನ್ನಿನ ದಿನ ಅವ್ವ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿಯುತ್ತಿದ್ದಳು, ಹೊರಗೆ ಬಂದ ಮೇಲೆ ಏನೂ ಆಗದವಳಂತೆ ಬಿಸಿ ಇಡ್ಲಿ ಬೇಕೆನ್ನುತ್ತಿದ್ದಳು. ಹೇಗೆ ಕಾಣುತ್ತದೆ ಎಂದು ನಾನು ಕೇಳುವುದನ್ನು ಬಿಟ್ಟಿದ್ದೆ. ಕೇಳಿದರೆ ಮತ್ತೆ ನನಗೆ ಬೇಕಾದ್ದನ್ನೇ ಹೇಳಿಯಾಳು ಎಂಬ ಭಯ.

ಮೂರನೆಯದು ಮುಗಿದು ಹತ್ತು ದಿನವಾಗಿತ್ತು. ಭಾನುವಾರ, ಹೊರಗೆ ಜಡಿಮಳೆ. ನಾನು ಅಡಿಗೆಮನೆಯಲ್ಲಿದ್ದೆ. ಲ್ಯಾಪ್‌ಟಾಪ್ ತೆರೆದೇ ಇತ್ತು, ಪರದೆಯ ತುಂಬ ಅದೇ ಗೆರೆ. ಅವ್ವ ಯಾರೂ ಹೇಳದೆ ಅದರ ಮುಂದೆ ಹೋಗಿ ಕೂತಿದ್ದಳು.

"ಏ ಹುಡುಗಿ, ಇಲ್ಲಿ ಬಾ" ಎಂದು ಕೂಗಿದಳು. ಹಿಟ್ಟಿನ ಕೈಯಲ್ಲೇ ಓಡಿದೆ.

"ಇದರ ಬಾಜೂಕ ಸಣ್ಣದೊಂದು ಐತೆಲ್ಲ, ಅದೇನದು?"

ಅವಳು ತೋರಿಸಿದ ಕಡೆ, ಗೆರೆಯಿಂದ ತುಸು ದೂರಕ್ಕೆ, ನನಗೆ ಏನೂ ಕಾಣಲಿಲ್ಲ. ಬಗ್ಗಿದೆ. ಇತ್ತು. ಉಗುರಿನ ಗೀರಿನಷ್ಟು ಒಂದು ಮಬ್ಬು. ಊರಿನ ಬೆಳಕು ಸರಿಯಾಗಿ ಕಳೆದಿಲ್ಲವೆಂದು ಎಷ್ಟೋ ಸಲ ನೋಡಿಯೂ ಬಿಟ್ಟಿದ್ದ ಕಲೆ. ಆಕಾಶದ ನಕ್ಷೆ ತೆಗೆದು ಹೊಂದಿಸಿ ನೋಡಿದೆ. ಅದೂ ಒಂದು ಗ್ಯಾಲಕ್ಸಿ, ಅದರದೇ ಬೇರೆ ನಂಬರ್, ಅದರೊಳಗೂ ಲೆಕ್ಕವಿಲ್ಲದಷ್ಟು ಸೂರ್ಯರು. ಮೂರು ತಿಂಗಳು ಆ ಚಿತ್ರವನ್ನು ಕಣ್ಣಿಗೊತ್ತಿಕೊಂಡು ಕೂತವಳು ನಾನು, ಅದನ್ನು ಕಂಡವಳು ಅವ್ವ. ಆ ಎಡಗಣ್ಣಿನಿಂದ.

"ಯಾಕ, ಇಲ್ಲೇನು? ನನಗ ಹಂಗ ಕಂಡಿರಬೇಕು" ಎಂದಳು ಅವ್ವ, ದನಿ ಅಳುಕಿತು.

"ಐತೆವ್ವಾ" ಎಂದೆ. ಹಿಟ್ಟಿನ ಕೈಯಲ್ಲೇ ಅವಳ ತಲೆ ತಬ್ಬಿಕೊಂಡೆ. "ಖರೇನ ಐತಿ."